ಚೀಲ ಮಾರಿ ಪೊಟ್ಟಣ ತಂದ ಕಥೆ

2025ರ ಫೆಬ್ರವರಿಯ ಒಂದು ಸಂಜೆ. ಸುಲ್ತಾನ್ ಬತ್ತೇರಿಯ ವ್ಯಾಪಾರಿಯ ಮಳಿಗೆಯಲ್ಲಿ ಕೊನೆಯ ಚೀಲವನ್ನೂ ತೂಕಕ್ಕೆ ಹಾಕಿ, ದುಡ್ಡು ಎಣಿಸಿ ಒಳಜೇಬಿಗೆ ಇಳಿಸಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಎದುರಿನ ಅಂಗಡಿಯಲ್ಲಿ ಅರ್ಧ ಕಿಲೋ ಕಾಫಿಪುಡಿಯ ಪೊಟ್ಟಣ ತೆಗೆದುಕೊಂಡು ಮನೆಗೆ ಬಂದೆ. ನಮ್ಮ ಹೈಸ್ಕೂಲು ಓದುವ ಮಗಳಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಪೊಟ್ಟಣದ ಬೆನ್ನು ತಿರುಗಿಸಿ ಓದಿದಳು: "ಕಾಫಿ 51, ಚಿಕೋರಿ 49."

ಒಳಗೆ ಮಂಚದ ಮೇಲೆ ಮಲಗಿದ್ದ ಸೋದರತ್ತೆ ಕೇಳಿದರು. "ಚಿಕೋರಿ ಅಂದ್ರೆ ಬೇರು ಅಲ್ವಾ ಮಗಾ? ಹನ್ನೆರಡು ಚೀಲ ಕಾಪಿ ಕೊಟ್ಟು ಬೇರು ತಂದ್ಯಾ?"

ನನ್ನ ಬಳಿ ಉತ್ತರ ಇರಲಿಲ್ಲ. ಅಂಗಡಿಯವನ ತಪ್ಪೇನೂ ಇಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ನೂರಕ್ಕೆ 51 ಭಾಗವಾದರೂ ಕಾಫಿ ಇರಬೇಕು, ಎಷ್ಟು ಬೆರೆಸಿದೆ ಎಂಬುದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಎಂಬುದು ಕಾನೂನು. ಅವನು ಅಚ್ಚು ಹಾಕಿಯೇ ಮಾರಿದ್ದಾನೆ. ಓದದೆ ತಂದವನು ನಾನು. ಆದರೆ ಅತ್ತೆಯ ಮಾತು ಆ ರಾತ್ರಿಯಿಡೀ ಚುಚ್ಚುತ್ತಿತ್ತು. ಕಾಫಿ ಬೆಳೆಯುವವನ ಮನೆಯಲ್ಲಿ ಅಂಗಡಿ ಪುಡಿ! ಇದು ನನ್ನೊಬ್ಬನ ಕಥೆಯಲ್ಲ. ಬತ್ತೇರಿ, ಮಾನಂದವಾಡಿ, ಕಲ್ಪೆಟ್ಟದ ಸುತ್ತ ಇರುವ ನಮ್ಮ ಕನ್ನಡದ ಮನೆಗಳನ್ನು ಲೆಕ್ಕ ಹಾಕಿ ನೋಡಿ. ಅಂಗಳದಲ್ಲಿ ಕಾಫಿ ಹರಡಿರುತ್ತದೆ, ಅಡುಗೆಮನೆಯ ಡಬ್ಬಿಯಲ್ಲಿ ಪೇಟೆಯ ಪುಡಿ ಇರುತ್ತದೆ.

ಹಿಂದೆ ಹಾಗಿರಲಿಲ್ಲ. 1942ರ ಕಾಫಿ ಕಾಯಿದೆಯ ಕಾಲದಿಂದ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ 'ಪೂಲ್'ಗೆ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಬರುವಷ್ಟರಲ್ಲಿ ಮುಂದಿನ ಕೊಯ್ಲು ಮುಗಿದಿರುತ್ತಿತ್ತು ಎಂದು ಅತ್ತೆ ಈಗಲೂ ಗೊಣಗುತ್ತಾರೆ. 1992ರಿಂದ ಒಂದೊಂದೇ ಗಂಟು ಸಡಿಲಿಸಿ 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂತು. ಆದರೆ ಪೂಲ್ ಇದ್ದ ಕಾಲದಲ್ಲೂ ಮನೆಯ ಒಲೆಯ ಮೇಲೆ ಮನೆಯದೇ ಬೀಜ ಹುರಿಯುತ್ತಿತ್ತು. 2001ರಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 500 ಡಾಲರ್‌ಗಿಂತ ಕೆಳಗೆ ಬಿದ್ದು, ವಯನಾಡಿನ ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವಲ್ಲ, ಆಗಲೂ ಕುಡಿಯುವ ಕಾಫಿ ನಮ್ಮದೇ. ಕೊಳ್ಳುವವರಿಲ್ಲದ ಮೇಲೆ ಕುಡಿಯದೆ ಏನು ಮಾಡುವುದು! ಕೈತಪ್ಪಿದ್ದು ಬೆಲೆ ಏರಿದ ಮೇಲೆ. 2024ರಲ್ಲಿ ಅದೇ ಲಂಡನ್ ಪೇಟೆಯಲ್ಲಿ ಅದೇ ರೋಬಸ್ಟಾ ಟನ್ನಿಗೆ 5000 ಡಾಲರ್ ದಾಟಿತು. ನೆಲಕ್ಕೆ ಬಿದ್ದ ಕಾಳನ್ನೂ ಹೆಕ್ಕಿ ಮಾರಿದೆವು. ಮನೆಗೆಂದು ಒಂದು ಚೀಲ ತೆಗೆದಿಡುವ ಪದ್ಧತಿ ಹಾಗೆಯೇ ಹೋಯಿತು.

ಆ ಒಂದು ಚೀಲದ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ನಮ್ಮಲ್ಲಿ 'ಉಂಡಕ್ಕಾಪಿ', ಅಂದರೆ ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ, 54 ಕಿಲೋ ಚೀಲದ ಲೆಕ್ಕದಲ್ಲಿ ಬೆಲೆಯಾಗುತ್ತದೆ. ಗುಂಡ್ಲುಪೇಟೆಯಿಂದ ಬಂದ ನೆಂಟರು "ಅದೇನ್ರೀ 54?" ಎಂದು ನಗುತ್ತಾರೆ, ಅವರಿಗೆ ಚೀಲ ಅಂದರೆ 50. ಇರಲಿ. ಒಣಗಿದ್ದು ಸರಿಯಾಗಿದ್ದರೆ 54 ಕಿಲೋದಲ್ಲಿ ಸುಮಾರು 28 ಕಿಲೋ 'ಪರಿಪ್ಪ್', ಅಂದರೆ ಹಸಿರು ಬೀಜ ಸಿಗುತ್ತದೆ. ಹುರಿದರೆ ನೂರಕ್ಕೆ 16-18ರಷ್ಟು ತೂಕ ಹೋಗುತ್ತದೆ. ಉಳಿಯುವುದು 23 ಕಿಲೋ. ದಿನಕ್ಕೆ 60 ಗ್ರಾಂ ಪುಡಿ ಖರ್ಚಾಗುವ ಐದಾರು ಜನರ ಮನೆಗೆ ಅದು ಒಂದು ವರ್ಷದ ಕಾಫಿ. ಹಿಂದಿನವರು 'ಮನೆಗೊಂದು ಚೀಲ' ಅಂದದ್ದು ಬಾಯಿಗೆ ಬಂದ ಹಾಗೆ ಅಲ್ಲ.

ನಾನು ಅಂದು ಎಲ್ಲವನ್ನೂ ಮಾರಿ ಬಂದಿದ್ದೆ. ಮನೆಯಲ್ಲಿ ಉಳಿದಿದ್ದದ್ದು ಗಿಡದ ಬುಡದಿಂದ ಹೆಕ್ಕಿದ ಅರ್ಧ ಚೀಲ ಮಾತ್ರ, ವ್ಯಾಪಾರಿ ಮುಖ ಸೊಟ್ಟಗೆ ಮಾಡಿ ಬೇಡ ಅಂದದ್ದು. ಅದನ್ನೇ ಒರಳಿಗೆ ಹಾಕಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಎರಡು ಕಿಲೋ ಬೀಜ ಮಾಡಿಕೊಂಡೆ. ಜೋರಾಗಿ ಕುಟ್ಟಿದರೆ ಬೀಜ ಒಡೆಯುತ್ತದೆ. ಒಡೆದ ಚೂರು ಬಾಣಲೆಯಲ್ಲಿ ಎಲ್ಲಕ್ಕಿಂತ ಮೊದಲು ಸುಟ್ಟು ಮಿಕ್ಕವಕ್ಕೆಲ್ಲ ಕಹಿ ಹತ್ತಿಸುತ್ತದೆ.

ಪಾಪ್‌ಕಾರ್ನ್ ಮೆಷಿನ್ನಿನ ಪ್ರಕರಣ

ಹುರಿಯುವುದಕ್ಕೆ ಅತ್ತೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಎಂಬತ್ತು ದಾಟಿದ್ದಾರೆ, ಕಣ್ಣು ಮಂಜು, ಒಲೆಯ ಮುಂದೆ ನಿಲ್ಲುವ ಶಕ್ತಿ ಇಲ್ಲ. ಜೊತೆಗೆ, ಬೇರಿನ ಮಾತು ಆಡಿದವರ ಮುಂದೆ ನಾನೇ ಮಾಡಿ ತೋರಿಸಬೇಕೆಂಬ ಹಟವೂ ಇತ್ತು ಅನ್ನಿ. ಮೈಸೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ, "ಅಣ್ಣ, ಈಗೆಲ್ಲ ಪಾಪ್‌ಕಾರ್ನ್ ಮೆಷಿನ್‌ನಲ್ಲಿ ಹುರೀತಾರೆ, ಆರೇ ನಿಮಿಷ" ಅಂದ. ಅವನ ಮನೆಯಲ್ಲಿ ಮಕ್ಕಳಿಗೆಂದು ತಂದು ಮೂಲೆಗೆ ಬಿದ್ದಿದ್ದ ಬಿಸಿಗಾಳಿಯ ಮೆಷಿನ್ನು ನಮ್ಮ ಮನೆಗೆ ಬಂತು.

ಐಡಿಯಾ ಸುಳ್ಳಲ್ಲ. ಒಳಗಿನ ಫ್ಯಾನು ಬಿಸಿಗಾಳಿ ಊದುತ್ತದೆ, ಬೀಜಗಳು ಸುತ್ತುತ್ತಾ ಎಲ್ಲ ಕಡೆ ಒಂದೇ ಸಮ ಹುರಿಯುತ್ತವೆ, ಬೆಳ್ಳಿಸಿಪ್ಪೆ ತಾನಾಗಿ ಹಾರಿಹೋಗುತ್ತದೆ. ಕೊಳ್ಳುವವರು ಒಂದನ್ನು ನೋಡಬೇಕು: ಗಾಳಿ ಒಳಗೋಡೆಯ ಸೀಳುಗಳಿಂದ ಬಂದು ಬೀಜ ತಿರುಗುವಂತಿರಬೇಕು. ತಳದಲ್ಲಿ ಜಾಲರಿ ಇರುವ ಮಾದರಿ ಬೇಡ. ಸಿಪ್ಪೆ ಜಾಲರಿಯಿಂದ ಕೆಳಗಿಳಿದು ಕಾದ ತಂತಿಗೆ ತಾಗಿದರೆ ಬೆಂಕಿ. ನಮ್ಮ ಮೆಷಿನ್ನು ಸೀಳಿನದೇ ಆಗಿತ್ತು. ತಪ್ಪಿದ್ದು ಬೇರೆ ಎರಡು ಕಡೆ.

ಒಂದು, ನಾನು ಕಾಲು ಕಿಲೋ ಸುರಿದೆ. ಕಾಫಿ ಬೀಜ ಜೋಳಕ್ಕಿಂತ ಹೆಚ್ಚು ಹೊತ್ತು ಒಳಗಿರಬೇಕು, ತೂಕವೂ ಹಾಗೇ ಕೂತಿರುತ್ತದೆ. ಆ ಪುಟ್ಟ ಫ್ಯಾನಿಗೆ 80-100 ಗ್ರಾಂ ಸಾಕೋ ಸಾಕು. ಎರಡು, ಹೊತ್ತು. ಸಂಜೆ ಏಳು ಗಂಟೆ, ಊರಲ್ಲೆಲ್ಲ ದೀಪ, ಮೋಟಾರು. ನಮ್ಮ ಕಡೆಯ ವೋಲ್ಟೇಜು ನಿಮಗೆ ಗೊತ್ತಲ್ಲ! 230 ಇರಬೇಕಾದಲ್ಲಿ 180 ಬಂದರೆ ಕಾಯಿಲ್ ಕೊಡುವ ಶಾಖ ಮೂರರಲ್ಲಿ ಎರಡು ಪಾಲೂ ಉಳಿಯುವುದಿಲ್ಲ. ಫ್ಯಾನು ಸುಸ್ತಾಯಿತು, ಬೀಜ ತಿರುಗುವುದು ನಿಂತಿತು, ತಳದ್ದು ಇದ್ದಿಲಾಯಿತು, ಮೇಲಿನದು ಹಸಿರಾಗಿಯೇ ಇತ್ತು. ಹನ್ನೆರಡನೇ ನಿಮಿಷಕ್ಕೆ 'ಫಟ್' ಅಂತ ಒಂದು ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ. ಪಕ್ಕದ ಮನೆಯ ಚೇಟ್ಟನ್ ಬೇಲಿಯಾಚೆಯಿಂದ ಕೂಗಿದ: "ಎಂದಾ ಕರಿಞ್ಞದ್?" ಏನು ಕರಕಲಾದದ್ದು ಎಂದು ಹೇಳಲಿ? ಒಳಗಿನಿಂದ ಅತ್ತೆ ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ಎರಡನೇ ಪ್ರಯತ್ನ ಓವನ್ನು. ಮಗಳ ಕೇಕಿಗೆಂದು ತಂದದ್ದು. 240 ಡಿಗ್ರಿಗೆ ಮೊದಲೇ ಕಾಯಿಸಿ, ತೂತುಗಳಿರುವ ತಟ್ಟೆಯಲ್ಲಿ ಬೀಜವನ್ನು ಒಂದೇ ಪದರವಾಗಿ ಹರಡಿ ಇಟ್ಟೆ. ಎರಡು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ತಟ್ಟೆ ಅಲ್ಲಾಡಿಸಬೇಕು, ತೆಗೆದಾಗಲೆಲ್ಲ ಶಾಖ ಹೊರಗೆ. ಹದಿನೈದು ನಿಮಿಷಕ್ಕೆ ಆಯಿತು, ಕುಡಿಯುವ ಹಾಗೆಯೂ ಇತ್ತು. ಆದರೆ ಹಿಂದಿನ ಸಾಲು ಕಪ್ಪು, ಬಾಗಿಲ ಕಡೆಯದು ಕಂದು. ಹೊಗೆ ಅಡುಗೆಮನೆ ತುಂಬಿ, ಆ ವಾರ ಮಾಡಿದ ಕೇಕಿಗೂ ಕಾಫಿ ವಾಸನೆ. "ಇನ್ನೊಂದ್ಸಲ ಅದನ್ನ ಮುಟ್ಟಿದ್ರೆ ನೋಡಿ" ಎಂದು ನನ್ನ ಹೆಂಡತಿ ಓವನ್ನಿನ ಪ್ಲಗ್ಗನ್ನೇ ಬಿಚ್ಚಿಟ್ಟಳು. ಬರೀ ಮೈಕ್ರೋವೇವ್ ಇದ್ದವರಿಗೆ ಒಂದು ಮಾತು: ಈ ಕೆಲಸ ಅದರಿಂದ ಆಗುವಂಥದ್ದಲ್ಲ. ಒಂದು ಬೀಜ ಒಳಗೇ ಸುಟ್ಟಿರುತ್ತದೆ, ಪಕ್ಕದ್ದು ಹಸಿ. ನಾನ್‌ಸ್ಟಿಕ್ ತವಾ ಕೂಡ ಬೇಡ. ಕಾಫಿಗೆ ಬೇಕಾದಷ್ಟು ಶಾಖಕ್ಕೆ ಅದರ ಲೇಪ ಹಾಳು.

ಕಿವಿಯಿಂದ ಹುರಿಯುವುದು

ಮೂರನೆಯ ದಿನ ಬೆಳಿಗ್ಗೆ ದಪ್ಪ ತಳದ ಕಬ್ಬಿಣದ ಬಾಣಲೆಯನ್ನು ಗ್ಯಾಸಿನ ಮೇಲಿಟ್ಟೆ. ಅತ್ತೆ ತಮ್ಮ ಕೋಣೆಯಿಂದಲೇ, "ಬಾಗಿಲು ಮುಚ್ಚಬೇಡ ಮಗಾ, ನಂಗೆ ಕೇಳ್ಲಿ" ಅಂದರು. ನನ್ನ ಕಲಿಕೆ ನಿಜವಾಗಿ ಶುರುವಾದದ್ದು ಅಲ್ಲಿಂದ. ಅತ್ತೆಗೆ ಬಣ್ಣ ಕಾಣಿಸುವುದಿಲ್ಲ. ಅವರು ಹುರಿದದ್ದು ಮೂಗಿನಿಂದ, ಕಿವಿಯಿಂದ. ಮಧ್ಯದಲ್ಲಿ ಎರಡು ಗೋಡೆ.

ಬಾಣಲೆ ಚೆನ್ನಾಗಿ ಕಾದ ಮೇಲೆ ಕಾಲು ಕಿಲೋ ಬೀಜ. ಉರಿ ಮಧ್ಯಮ. ಮರದ ಸೌಟು ಒಂದು ಕ್ಷಣವೂ ನಿಲ್ಲಬಾರದು. ಹಸಿ ಬೀಜದಲ್ಲಿ ನೂರಕ್ಕೆ 11ರಷ್ಟು ನೀರಿನಂಶ ಇರುತ್ತದೆ, ಮೊದಲ ಐದಾರು ನಿಮಿಷ ಅದು ಹೋಗುವುದಕ್ಕೇ ಬೇಕು. ಆಗ ಬರುವುದು ಒದ್ದೆ ಹುಲ್ಲಿನ ವಾಸನೆ, ಕಾಫಿ ಎಂದು ಯಾರೂ ಹೇಳಲಾರರು. ಬೀಜ ಹಳದಿಗೆ ತಿರುಗುತ್ತದೆ. ಆಮೇಲೆ ರಾಗಿ ಹುರಿದಂಥ ಪರಿಮಳ. "ಈಗ ರಾಗಿ ಬಂತು. ಉರಿ ತಗ್ಗಿಸಬೇಡ" ಅಂದರು ಒಳಗಿನಿಂದ. ನಾನು ತಗ್ಗಿಸಲು ಕೈ ಹಾಕಿದ್ದೆ! ಈ ಹಂತದಲ್ಲಿ ಹೆದರಿ ಉರಿ ಇಳಿಸಿದರೆ ಬೀಜ ಬೇಯುತ್ತದೆ, ಹುರಿಯುವುದಿಲ್ಲ. ಕುಡಿದರೆ ಸಪ್ಪೆ.

ಹತ್ತು-ಹನ್ನೆರಡು ನಿಮಿಷಕ್ಕೆ, ಬೀಜದ ಶಾಖ 200 ಡಿಗ್ರಿಯ ಆಸುಪಾಸಿಗೆ ಬಂದಾಗ, ಮೊದಲ ಸಿಡಿತ. ಒಳಗಿನ ಆವಿ ಬೀಜವನ್ನು ಉಬ್ಬಿಸಿ ಒಡೆಯುವ ಸದ್ದು ಅದು. "ಅರಳು ಸಿಡಿದ ಹಾಗೆ ಕೇಳತ್ತೆ ನೋಡು" ಅಂದರು ಅತ್ತೆ. ರೋಬಸ್ಟಾದ ಸಿಡಿತ ಅರೇಬಿಕಾದಷ್ಟು ಜೋರಿಲ್ಲ. ನಮ್ಮದು ಗಟ್ಟಿ ಬೀಜ, ತಡವಾಗಿ ಕಾಯುತ್ತದೆ, ಬೆಳ್ಳಿಸಿಪ್ಪೆಯೂ ಸುಲಭಕ್ಕೆ ಬಿಡುವುದಿಲ್ಲ. ಚಿಮಣಿ ಫ್ಯಾನು ಹಾಕಿದ್ದರೆ ಸದ್ದು ಕೇಳಿಸುವುದೇ ಇಲ್ಲ. ಫ್ಯಾನು ಆರಿಸಿ ಕಿಟಕಿ ತೆರೆದಿಡುವುದು ಒಳ್ಳೆಯದು.

ಸಿಡಿತ ನಿಂತ ಮೇಲೆ ಒಂದೆರಡು ನಿಮಿಷ ಮೌನ. ಬಣ್ಣ ದಟ್ಟವಾಗುತ್ತದೆ, ಹೊಗೆ ನೀಲಿಯಾಗುತ್ತದೆ. 225 ಡಿಗ್ರಿಯ ಹತ್ತಿರ ಎರಡನೆಯ ಸಿಡಿತ ಶುರು. ಇದು ಸಣ್ಣದು, ಚುರುಕು, ಒಗ್ಗರಣೆಯ ಸಾಸಿವೆಯ ಹಾಗೆ. ಮೊದಲ ನಾಲ್ಕು ಸಾಸಿವೆ ಸಿಡಿದದ್ದೇ ತಡ, ಒಳಗಿನಿಂದ ಕೂಗು: "ಇಳಿಸು! ಇಳಿಸೋ ಮಗಾ, ಸುಡ್ತೀಯ!"

ಇಳಿಸಿ ಸುಮ್ಮನಿದ್ದರೆ ಬಾಣಲೆಯ ಬಿಸಿಗೆ ಇನ್ನೂ ಹುರಿಯುತ್ತಲೇ ಇರುತ್ತದೆ. ತಕ್ಷಣ ಮೊರಕ್ಕೆ ಸುರಿದು, ಅಂಗಳಕ್ಕೆ ತಂದು ಕೇರಬೇಕು. ಸಿಪ್ಪೆ ಹಾರಿ ಹೋಗುತ್ತದೆ, ಬೀಜ ಎರಡು ಮೂರು ನಿಮಿಷದಲ್ಲಿ ಕೈ ಇಡುವಷ್ಟು ಆರುತ್ತದೆ. ಟೇಬಲ್ ಫ್ಯಾನು ಇಟ್ಟರೂ ಆದೀತು. ಆದರೆ ನಮ್ಮ ಹೆಂಗಸರ ಕೈಯ ಮೊರಕ್ಕೆ ಸಮನಾದ ಯಂತ್ರವನ್ನು ನಾನು ಕಂಡಿಲ್ಲ. ಮಲಯಾಳದಲ್ಲೂ ಅದು ಮುರಂ, ಕೆಲಸವೂ ಅದೇ.

ಸಂಜೆಗೇ ಪುಡಿ ಮಾಡಿ ಕುಡಿಯೋಣವೆಂದರೆ ಅತ್ತೆ ಬಿಡಲಿಲ್ಲ. "ರಾತ್ರಿ ಕಳೀಲಿ, ಉಸಿರು ಬಿಡ್ಲಿ" ಅಂದರು. ಹುರಿದ ಬೀಜ ಒಂದೆರಡು ದಿನ ಇಂಗಾಲದ ಡೈ ಆಕ್ಸೈಡ್ ಬಿಡುತ್ತಿರುತ್ತದೆ. ನಾನು ಮಾತು ಕೇಳಿದವನಂತೆ ನಟಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಗಿಡಿದು ಇಟ್ಟೆ. ಬೆಳಿಗ್ಗೆ ಮುಚ್ಚಳ ಉಬ್ಬಿ ಕೂತಿತ್ತು, ತೆಗೆದರೆ ಸೋಡಾ ಬಾಟ್ಲಿಯ ಸದ್ದು. ಮೊದಲ ದಿನ ಮುಚ್ಚಳ ಸಡಿಲ ಇರಲಿ.

ಪುಡಿಗೆ ಮಿಕ್ಸಿ ಸಾಕು. ಒಂದೇ ಸಮ ಓಡಿಸಿದರೆ ಬಿಸಿಯಾಗಿ ಪರಿಮಳ ಹೋಗುತ್ತದೆ, ಬಿಟ್ಟು ಬಿಟ್ಟು ತಿರುಗಿಸಬೇಕು. ತೀರ ನುಣ್ಣಗಾದರೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದೇ ಇಲ್ಲ. ತರಿಯಾದರೆ ಭಡಭಡ ಇಳಿದು ನೀರು. ಸಣ್ಣ ರವೆಗಿಂತ ಒಂದು ಚೂರು ನುಣ್ಣಗಿದ್ದರೆ ಸರಿ. ಹಸಿ ಬೀಜ ವರ್ಷ ಇಟ್ಟರೂ ಕೆಡುವುದಿಲ್ಲ, ಹುರಿದದ್ದು ಎರಡು ಮೂರು ವಾರ, ಪುಡಿ ಒಂದು ವಾರ. ಆದ್ದರಿಂದ ಭಾನುವಾರಕ್ಕೊಮ್ಮೆ ಎರಡು ಬಾಣಲೆ ಹುರಿಯುವುದು ನಮ್ಮ ಮನೆಯ ಪದ್ಧತಿಯಾಯಿತು.

ಮೊದಲ ಲೋಟವನ್ನು ಅತ್ತೆಗೇ ಕೊಟ್ಟೆ. ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊಗಳುತ್ತಾರೇನೋ ಅಂತ ಕಾದೆ.

"ಹುರಿದದ್ದು ಅಡ್ಡಿ ಇಲ್ಲ. ಕಣದಲ್ಲಿ ಮಳೆ ಬಿದ್ದಿತ್ತಾ?"

ಬಿದ್ದಿತ್ತು! ಡಿಸೆಂಬರಿನ ಅಕಾಲ ಮಳೆಗೆ ಅಂಗಳದಲ್ಲಿದ್ದ ಕಾಫಿ ನೆನೆದು, ಮತ್ತೆ ಒಣಗಿಸಿದ್ದೆವು. ಹೆಕ್ಕಿದ ಕಾಫಿಯಂತೂ ಮೊದಲೇ ಮಣ್ಣಿನಲ್ಲಿ ಬಿದ್ದಿದ್ದದ್ದು. ಮಣ್ಣು ವಾಸನೆ ಬಾಯಿಗೆ ಬರುತ್ತಿತ್ತು, ನನಗೂ ಎರಡನೆಯ ಗುಟುಕಿಗೆ ತಿಳಿಯಿತು. ಇಷ್ಟು ವರ್ಷ ಬೆಳೆದೂ ನನ್ನ ಕಾಫಿಯ ದೋಷ ನನಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಚೀಲ ಕಟ್ಟಿ ಕೊಡುತ್ತೇವೆ. ಅದು ಗಡಿ ದಾಟಿ ಹುಣಸೂರು, ಕುಶಾಲನಗರದ ಕಡೆಯ ಕ್ಯೂರಿಂಗ್ ವರ್ಕ್ಸ್‌ಗೋ ಎಲ್ಲಿಗೋ ಹೋಗುತ್ತದೆ. (ಬಂಡೀಪುರದ ದಾರಿಯಾದರೆ ಲಾರಿ ರಾತ್ರಿ ಒಂಬತ್ತರ ಒಳಗೆ ಗೇಟು ದಾಟಬೇಕು, 2009ರಿಂದ ಅದೊಂದು ತಲೆನೋವು.) ಅಲ್ಲಿಂದ ಹಡಗು ಹತ್ತಿ ಇಟಲಿಯವರ ಲೋಟ ಸೇರಿದರೂ ಸೇರಿತು, ನಮ್ಮ ದೇಶದ ಕಾಫಿಗೆ ಅವರು ದೊಡ್ಡ ಗಿರಾಕಿಗಳು. 2019ರಲ್ಲಿ 'ವಯನಾಡ್ ರೋಬಸ್ಟಾ'ಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಬಂದಾಗ ನಾವೂ ಎದೆ ಉಬ್ಬಿಸಿಕೊಂಡೆವು. ಅದರ ರುಚಿ ಹೇಗೆ ಎಂದು ಯಾರಾದರೂ ಕೇಳಿದ್ದರೆ ನಾನು ಪೊಟ್ಟಣದ ರುಚಿ ಹೇಳುತ್ತಿದ್ದೆ.

ಅಂದಿನಿಂದ ಬೀಜ ಆರಿಸುವುದನ್ನು ಕಲಿತೆ. ಕಪ್ಪು ಬೀಜ, ಹುಳಿ ವಾಸನೆಯ ಕೆಂಚು ಬೀಜ, ಸೂಜಿ ತೂತಿನ ಬೀಜ ಇವೆಲ್ಲ ಬೇರೆ. ಸೂಜಿ ತೂತು ಕಾಯಿಕೊರಕದ್ದು. 1990ರಲ್ಲಿ ಪಕ್ಕದ ಗೂಡಲೂರಿನಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡ ಆ ಹುಳ ಈಗ ನಮ್ಮ ಮನೆಮಗನ ಹಾಗೆ. ಆರಿಸಿದ ಕಾಲು ಕಿಲೋದಲ್ಲಿ ಒಂದು ಹಿಡಿ ಕಸ ಹೋಯಿತೆಂದರೆ ತೋಟದಲ್ಲಿ ಏನಾಗುತ್ತಿದೆ ಎಂಬುದು ಅಂಗೈ ಮೇಲೇ ಕಾಣುತ್ತದೆ.

ಮನೆಯವರೆಲ್ಲ ಮೊದಲ ದಿನವೇ ಮೆಚ್ಚಿದರು ಎಂದು ಬರೆದರೆ ಸುಳ್ಳಾಗುತ್ತದೆ. ಚಿಕೋರಿಗೆ ಒಗ್ಗಿದ ನಾಲಿಗೆಗೆ ಬರೀ ರೋಬಸ್ಟಾ ಒರಟು. ಡಿಕಾಕ್ಷನ್ ಬಣ್ಣವೂ ಅಷ್ಟು ಕಪ್ಪಿಲ್ಲ. ಕೆಫೀನು ಅರೇಬಿಕಾದ ಸುಮಾರು ಇಮ್ಮಡಿ, ರಾತ್ರಿ ಎಂಟಕ್ಕೆ ಕುಡಿದ ನನ್ನ ಹೆಂಡತಿ ಹನ್ನೆರಡರ ತನಕ ಪಾತ್ರೆ ತೊಳೆಯುತ್ತಿದ್ದಳು. ಅದಕ್ಕೆ ಮೂರು ಉಪಾಯ ಮಾಡಿದೆವು. ಕೊಡಗಿನ ನೆಂಟರಿಂದ ಸ್ವಲ್ಪ ಅರೇಬಿಕಾ ತರಿಸಿ, ಬೇರೆಯಾಗಿ ಹುರಿದು, ಮೂರಕ್ಕೆ ಒಂದರಂತೆ ಬೆರೆಸಿದೆವು. ಒಟ್ಟಿಗೆ ಹುರಿಯಬಾರದು, ಎರಡರ ಹದ ಬೇರೆ. ಪುಡಿಯ ಅಳತೆ ಇಳಿಸಿದೆವು. ಪೇಟೆ ಪುಡಿ ಮೂರು ಚಮಚ ಹಾಕುತ್ತಿದ್ದಲ್ಲಿ ಇದು ಎರಡು ಸಾಕು. ಮೂರನೆಯದು ಅತ್ತೆಯದು. ಹುರಿದ ಬೀಜಕ್ಕೆ ನಾಲ್ಕು ಕಾಳು ಹುರಿದ ಮೆಂತ್ಯ, ಒಂದು ಏಲಕ್ಕಿ. ಇದು ಬೆಲ್ಲ ಹಾಕಿದ ಕಟ್ಟಂಕಾಪಿಗೆ, ಹಾಲಿನ ಕಾಫಿಗಲ್ಲ. ಚೇಟ್ಟನ್ ಈಗ ಬೇಲಿಯಾಚೆಯಿಂದ ಕರಕಲಿನ ವಿಷಯ ಕೇಳುವುದಿಲ್ಲ, ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಜಗಲಿಗೇ ಬಂದು ಕೂರುತ್ತಾನೆ.

"ಮಾರಬಹುದಲ್ಲ?" ಎಂದು ಕೇಳಿದವರಿದ್ದಾರೆ. ವ್ಯಾಪಾರ ಮಾಡುವವರಿಗೆ ಗೊತ್ತಿರುವ ಮಾತು: ಒಂದು ಪೊಟ್ಟಣ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಲೇಬಲ್ ಬೇಕು, ಪ್ರತಿ ಸಲ ಒಂದೇ ಹದ ಬರಬೇಕು. ಬಾಣಲೆಯಲ್ಲಿ ಕಾಲು ಕಾಲು ಕಿಲೋ ಹುರಿದು ಅದು ಆಗುವ ಕೆಲಸವಲ್ಲ. ಮಾಡುವ ಹುಡುಗರು ಮಾಡಲಿ, ನಾನು ಬೇಡವೆನ್ನುವುದಿಲ್ಲ. ನನಗೆ ಬೇಕಾದದ್ದು ಅತ್ತೆಗೆ ಸರಿ ಅನ್ನಿಸುವ ಒಂದು ಲೋಟ.

ಮುಂದಿನ ಕೊಯ್ಲಿಗೆ ಮನೆಯ ಚೀಲವನ್ನೇ ಮೊದಲು ಮಾಡಿದೆವು. ಹಣ್ಣಾದದ್ದನ್ನು ಮಾತ್ರ ಬಿಡಿಸಿ, ನೆಲಕ್ಕೆ ತಾಗದಂತೆ ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಮುಚ್ಚಿದೆವು. ಹದಿನೈದನೆಯ ದಿನ ಮಗಳು ಒಂದು ಹಿಡಿ ತಂದು ಅತ್ತೆಯ ಕಿವಿಯ ಹತ್ತಿರ ಕುಲುಕಿದಳು. ಒಣಗಿದ ಕಾಯೊಳಗೆ ಬೀಜ ಗಲಗಲ ಅನ್ನಬೇಕು. "ಇನ್ನೊಂದು ಬಿಸಿಲು" ಅಂದರು. ಇನ್ನೊಂದು ಬಿಸಿಲು ಕೊಟ್ಟೆವು.

ಅದೇ ವಾರ ಬತ್ತೇರಿಯ ವ್ಯಾಪಾರಿಯ ಫೋನು. ರೇಟು ಚೆನ್ನಾಗಿದೆ, ನಾಳೆ ಇಳಿದರೂ ಇಳಿಯಬಹುದು, ಎಷ್ಟು ಚೀಲ ಉಂಟು ಅಂತ. ನಾನು ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ಕೋಣೆಯ ಕಡೆ ನೋಡಿದೆ. ಅತ್ತೆ ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಹದಿಮೂರಲ್ಲ. ಹನ್ನೆರಡು ಅನ್ನು."